ಫೋನ್ ಎತ್ತದವರು

ನಮ್ಮ ಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ, ಒಂದು ದಿನವೂ ತಮ್ಮ ಹೆಸರು ಅಚ್ಚಾಗುವುದನ್ನು ನೋಡದ ಮನುಷ್ಯರೊಬ್ಬರಿದ್ದಾರೆ. ಪಟ್ಟಿ ಮಾಡುವುದು ಅವರ ಕೆಲಸ. ಪರೀಕ್ಷೆಯ ಫಲಿತಾಂಶ, ತರಕಾರಿ ಧಾರಣೆ, ರೈಲಿನ ವೇಳೆ, ಹೀಗೆ ಅಡ್ಡಗೆರೆ ಉದ್ದಗೆರೆ ಇರುವುದೆಲ್ಲ ಅವರ ಮೇಜಿಗೇ ಬರುತ್ತದೆ. ಕಚೇರಿಯಲ್ಲಿ ಎಲ್ಲರಿಗೂ ಅವರು 'ಪಟ್ಟಿಯವರು'. ನಾನು ಪುಟ ಕಟ್ಟುವವನು, ಅವರು ಕೊಟ್ಟದ್ದನ್ನು ಪುಟದಲ್ಲಿ ಕೂರಿಸುವವನು. ಹತ್ತೊಂಬತ್ತು ವರ್ಷದಿಂದ ನಮ್ಮದು ಎದುರುಬದುರು ಮೇಜು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದೇ ಕೂತೆ. ಆದರೆ ಬರೆಯಬೇಕಾಗಿ ಬಂದಿರುವುದು ಒಳ್ಳೆಯ ಸುದ್ದಿಯಲ್ಲ, ಅದರಲ್ಲಿ ನನ್ನ ಪಾಲೂ ಇದೆ.

ಪಟ್ಟಿಯವರದು ವಿಪರೀತ ಅನುಮಾನದ ಸ್ವಭಾವ. ಯಾರೋ ಕಳಿಸಿದ ಅಂಕಿಯನ್ನು ಹಾಗೇ ಹಾಕಿದವರಲ್ಲ. ಫೋನ್ ಮಾಡಿ, ಎದುರಿನವರ ಬಾಯಿಂದ ಹೇಳಿಸಿ, ತಮ್ಮ ಕಿವಿಯಿಂದ ಕೇಳಿದ ಮೇಲೆಯೇ ಪೆನ್ಸಿಲ್ ಎತ್ತುವವರು. ಸಂಜೆ ಹೊತ್ತಿಗೆ ಅವರ ಎಡಗಿವಿ ಕೆಂಪಗಾಗಿರುತ್ತಿತ್ತು. "ಮದುವೆಗೆ ಮುಂಚೆ ನನ್ನ ಎತ್ತರ ಅಳೆಯೋಕೆ ಟೇಪು ತರಲಿಲ್ಲ, ಅದೇ ಪುಣ್ಯ" ಅಂತ ಅವರ ಹೆಂಡತಿ ನಮ್ಮೆದುರೇ ಛೇಡಿಸುತ್ತಿದ್ದರು. ಒಬ್ಬಳೇ ಮಗಳು. ಹನ್ನೆರಡನೇ ವಯಸ್ಸಿನಿಂದಲೇ ರಜೆಯಲ್ಲಿ ಕಚೇರಿಗೆ ಬಂದು ಅಪ್ಪನ ಪಕ್ಕ ಕೂತು, ಅಚ್ಚಿನ ಕರಡಿನ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಇವರು ಮೂಲದ ಜೊತೆ ತಾಳೆ ನೋಡುತ್ತಿದ್ದರು. ನನ್ನನ್ನು ಮಾಮ ಅನ್ನುತ್ತಾಳೆ. ದೊಡ್ಡವಳಾಗಿ ವರದಿಗಾರ್ತಿಯಾಗುತ್ತೇನೆ ಅಂತ ಅವಳು ಹೇಳಿದ್ದು ಈ ಮೇಜುಗಳ ನಡುವೆಯೇ. "ಬೇಡಮ್ಮ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಗಾದೆ ನಮ್ಮ ಕಸುಬಿನವರನ್ನ ನೋಡಿಯೇ ಮಾಡಿದ್ದು" ಅಂತ ನಾನೆಂದರೆ ನಗುತ್ತಿದ್ದಳು.

ಐದು ವರ್ಷದ ಹಿಂದೆ ಪಟ್ಟಿಯವರಿಗೆ ಒಂದು ಯೋಚನೆ ಬಂತು. ಆ ಯೋಚನೆ ಒಳ್ಳೆಯದೇ ಆಗಿತ್ತು, ಇವತ್ತಿಗೂ ಹಾಗೇ ಹೇಳುತ್ತೇನೆ. ಕಾಲೇಜು ಸೇರುವ ಕಾಲಕ್ಕೆ ನಾವು ಒಂದು ಪುರವಣಿ ತರುತ್ತೇವೆ. ಕಾಲೇಜಿನವರ ಜಾಹೀರಾತು, ಕಟ್ಟಡದ ಫೋಟೋ, ನಗುವ ಮಕ್ಕಳು. "ಒಳಗೆ ಹೋಗೋರ ಫೋಟೋ ಎಲ್ಲರೂ ಹಾಕ್ತಾರೆ. ಹೊರಗೆ ಬಂದೋರು ಏನಾದ್ರು ಅಂತ ಯಾರಾದ್ರೂ ಕೇಳಿದಾರಾ?" ಅಂತ ಪಟ್ಟಿಯವರು ಸಂಪಾದಕರ ಮುಂದೆ ನಿಂತರು. ಹಾಗೆ ಶುರುವಾದದ್ದು ಪತ್ರಿಕೋದ್ಯಮದ ಪದವಿ ಕೊಡುವ ಹದಿನಾಲ್ಕು ಕಾಲೇಜುಗಳ ಪಟ್ಟಿ. ಓದು ಮುಗಿಸಿ ಮೂರು ವರ್ಷ ಆದವರು ತಿಂಗಳಿಗೆ ಎಷ್ಟು ದುಡಿಯುತ್ತಾರೆ, ಓದಲು ಮಾಡಿದ ಸಾಲ ಇನ್ನೆಷ್ಟು ಉಳಿದಿದೆ. ಇವೆರಡೇ ಅಂಕಣ. ಸಂಬಳ ಹೆಚ್ಚಿದ್ದು ಸಾಲ ಕಡಿಮೆ ಇದ್ದ ಕಾಲೇಜು ಮೇಲಕ್ಕೆ.

ಎಲ್ಲರಿಗೂ ಅವರೇ ಫೋನ್ ಮಾಡುತ್ತಿದ್ದರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮಾರನೇ ದಿನ ಸಂಜೆ ಒಮ್ಮೆ. ಮೂರು ಸಲಕ್ಕೂ ಎತ್ತದಿದ್ದರೆ ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ಮುಂದಿನವರಿಗೆ ಹೋಗುವುದು. ಕೇಳದ ಅಂಕಿಯನ್ನು ಊಹಿಸಿ ಹಾಕುವುದು ಅವರ ಜಾಯಮಾನದಲ್ಲೇ ಇಲ್ಲ. ಎತ್ತಿದವರ ಸರಾಸರಿಯೇ ಕಾಲೇಜಿನ ಸರಾಸರಿ. ಇದರಲ್ಲಿ ತಪ್ಪೇನಿದೆ ಅಂತ ನೀವು ಕೇಳಿದ್ದರೆ ಆಗ ನಾನೂ ಏನಿಲ್ಲ ಅನ್ನುತ್ತಿದ್ದೆ.

ಗುಡ್ಡದ ಮೇಲೊಂದು ಕಾಲೇಜಿದೆ. ಗಾಜಿನ ಗೋಡೆ, ಸ್ವಂತ ಸ್ಟುಡಿಯೋ, ಬಾಗಿಲಲ್ಲಿ ಸಮವಸ್ತ್ರದ ಕಾವಲುಗಾರ. ಶುಲ್ಕ ಕೇಳಿದರೆ ತಲೆ ತಿರುಗುತ್ತದೆ. ಮೊದಲ ವರ್ಷದ ಪಟ್ಟಿಯಲ್ಲಿ ಅದು ಆರನೆಯದು. ಎಪ್ಪತ್ತು ಜನರಲ್ಲಿ ಐವತ್ತೊಂದು ಜನ ಫೋನ್ ಎತ್ತಿದ್ದರು. ಮರುವರ್ಷ ನಲವತ್ತೈದು ಜನ ಎತ್ತಿದರು, ಕಾಲೇಜು ನಾಲ್ಕಕ್ಕೇರಿತು. ಆಮೇಲೆ ಮೂವತ್ತೆಂಟು, ಮೂವತ್ತು. ಈ ವರ್ಷ ಎಪ್ಪತ್ತರಲ್ಲಿ ಎತ್ತಿದವರು ಇಪ್ಪತ್ನಾಲ್ಕೇ ಜನ. ಸರಾಸರಿ ಸಂಬಳ ನಲವತ್ನಾಲ್ಕು ಸಾವಿರ, ಉಳಿದ ಸಾಲ ಒಂದೂವರೆ ಲಕ್ಷ. ಗುಡ್ಡದ ಕಾಲೇಜು ಮೊದಲ ಸ್ಥಾನಕ್ಕೆ ಬಂತು. ಕೆಂಪು ಗೆರೆಗಳು ಹೆಚ್ಚುತ್ತಿರುವುದನ್ನು ಪಟ್ಟಿಯವರು ಕಾಣಲಿಲ್ಲ ಅಂತಲ್ಲ. "ದೊಡ್ಡ ದೊಡ್ಡ ಕೆಲಸ ಸಿಕ್ಕಿರಬೇಕು ಕಣಯ್ಯಾ, ಮೀಟಿಂಗಲ್ಲಿ ಇರ್ತಾರೆ, ಫೋನ್ ಎತ್ತೋಕೆ ಪುರುಸೊತ್ತೆಲ್ಲಿ" ಅಂದರು. ನಾನೂ ಹೂಂ ಅಂದೆ.

ಪುರವಣಿ ಬಂದ ದಿನ ಮಗಳು ಪಟ್ಟಿಯನ್ನು ಕತ್ತರಿಸಿ ಕಡತದಲ್ಲಿಟ್ಟುಕೊಂಡಳು. ಅಪ್ಪನನ್ನು ಒಂದು ಮಾತೂ ಕೇಳಲಿಲ್ಲ. ಕೇಳುವುದೇನಿದೆ, ಅಪ್ಪನ ಪಟ್ಟಿಯೇ ಹೇಳಿದೆಯಲ್ಲ. ಊರಿನ ಸರ್ಕಾರಿ ಕಾಲೇಜಿನಲ್ಲೂ ಅವಳಿಗೆ ಸೀಟು ಸಿಕ್ಕಿತ್ತು, ಅಲ್ಲಿ ಶುಲ್ಕ ಹೆಸರಿಗಷ್ಟೆ. ಆದರೆ ಅದು ಪಟ್ಟಿಯಲ್ಲಿ ಹನ್ನೊಂದನೆಯದು. ಗುಡ್ಡದ ಕಾಲೇಜಿಗೆ ಒಂಬತ್ತು ಲಕ್ಷ ಸಾಲ ಬೇಕಿತ್ತು. ಬ್ಯಾಂಕಿನವರು ಪಟ್ಟಿಯವರ ಮನೆಯನ್ನು ಆಧಾರವಾಗಿ ಕೇಳಿದರು. ಎರಡು ಕೋಣೆ, ಒಂದು ಅಡುಗೆಮನೆ. ಅವರ ಇಪ್ಪತ್ತಾರು ವರ್ಷದ ದುಡಿಮೆಯೆಲ್ಲ ಅದೇ. ಶುಕ್ರವಾರ ಹನ್ನೊಂದು ಗಂಟೆಗೆ ಬಂದು ಸಹಿ ಹಾಕಬೇಕು, ಜೊತೆಗೊಬ್ಬ ಸಾಕ್ಷಿ ಬೇಕು ಅಂದರು. ಸಾಕ್ಷಿಯಾಗಿ ಬರಲು ನಾನು ಒಪ್ಪಿದೆ.

ಅದೇ ವಾರ ಸೋಮವಾರ, ನನ್ನ ಹಳೇ ಸ್ಕೂಟರ್ ಮಾರಾಟಕ್ಕಿದೆ ಅಂತ ಜಾಹೀರಾತು ಕೊಡಲು ನಮ್ಮದೇ ಕಟ್ಟಡದ ಕೆಳಮಹಡಿಗೆ ಹೋದೆ. ಅಲ್ಲಿ ಚಿಕ್ಕ ಜಾಹೀರಾತುಗಳ ಕೌಂಟರಿನಲ್ಲಿ ಮೂರು ತಿಂಗಳ ಹಿಂದೆ ಸೇರಿದ ಹುಡುಗಿಯೊಬ್ಬಳು ಕೂರುತ್ತಾಳೆ. ವಯಸ್ಸು ಇಪ್ಪತ್ತೈದರ ಆಸುಪಾಸು. ಪದ ಎಣಿಸಿ, ದುಡ್ಡು ತಗೊಂಡು, ರಸೀದಿ ಹರಿದುಕೊಡುವ ಕೆಲಸ. ಅವಳು ನನ್ನ ಸಾಲುಗಳನ್ನು ಎಣಿಸುತ್ತಿದ್ದಾಗ ಮೇಜಿನ ಮೇಲಿದ್ದ ಅವಳ ಫೋನ್ ಗುರ್ ಅಂದಿತು. ತೆರೆಯ ಮೇಲೊಂದು ನಂಬರು ಮೂಡಿತು. ಅವಳು ಅದರತ್ತ ನೋಡಿದಳು, ಫೋನನ್ನು ಬೋರಲು ಹಾಕಿ ಡ್ರಾಯರಿಗೆ ತಳ್ಳಿ ಮತ್ತೆ ಒಂದರಿಂದ ಎಣಿಸಲು ಶುರುಮಾಡಿದಳು. ನನಗೆ ಆ ನಂಬರು ಗೊತ್ತಿತ್ತು. ನಮ್ಮ ಮೇಲಿನ ಮಹಡಿಯಿಂದ ಹೊರಗೆ ಕರೆ ಮಾಡಿದರೆ ಕಾಣುವ ನಂಬರು ಅದು. ಹೊಸಬರಿಗೆ ಗೊತ್ತಿರುವುದಿಲ್ಲ, ಒಳಗಿನ ಫೋನಿನ ಮೂರಂಕಿಯಷ್ಟೇ ಅವರಿಗೆ ಪರಿಚಯ.

"ಅದು ನಮ್ಮ ಆಫೀಸಿಂದಲೇ ಬಂದಿದ್ದಲ್ವಾ ಅಮ್ಮಾ, ಯಾಕೆ ಎತ್ತಲಿಲ್ಲ?" ಅಂದೆ.

ಅವಳು ನಂಬಲಿಲ್ಲ. ನಾನು ಮತ್ತೆ ಹೇಳಿದ ಮೇಲೆ, "ಹೋದ ತಿಂಗಳೂ ಮೂರು ಸಲ ಬಂದಿತ್ತು ಸಾರ್. ಸಾಲ ವಸೂಲಿಯವರು ಅನ್ಕೊಂಡೆ. ಅವರೂ ಇಂಥ ಆಫೀಸು ನಂಬರಿಂದಲೇ ಮಾಡೋದು, ದಿನಕ್ಕೊಂದು ನಂಬರು. ಗೊತ್ತಿಲ್ಲದ ನಂಬರು ನಾನು ಎತ್ತಲ್ಲ. ನಮ್ಮ ಬ್ಯಾಚಲ್ಲಿ ಯಾರೂ ಎತ್ತಲ್ಲ" ಅಂದಳು.

"ಯಾವ ಬ್ಯಾಚಮ್ಮ?"

"ಗುಡ್ಡದ ಕಾಲೇಜು ಸಾರ್. ಜರ್ನಲಿಸಂ."

ಕೈಯಲ್ಲಿದ್ದ ಚಿಲ್ಲರೆಯನ್ನು ಕೌಂಟರಿನ ಮೇಲೇ ಬಿಟ್ಟು ಹೊರಟೆ. ಮೆಟ್ಟಿಲು ಹತ್ತಿ ನೇರವಾಗಿ ಪಟ್ಟಿಯವರ ಮೇಜಿಗೆ ಹೋಗಿ, ಕೆಂಪು ಗೆರೆಯ ಹೆಸರುಗಳ ಹಾಳೆ ತೆಗೆಸಿದೆ. ಆ ಹುಡುಗಿಯ ಹೆಸರು ಹದಿನೇಳನೆಯದಾಗಿತ್ತು, ಮೂರು ಗುರುತು, ಮೇಲೊಂದು ಗೆರೆ. ಯಾವುದಕ್ಕೂ ಇರಲಿ ಅಂತ ಗೆರೆ ಹೊಡೆದವರಿಗೆ ಅವತ್ತು ನಾಲ್ಕನೇ ಸಲ ಫೋನ್ ಮಾಡುತ್ತಿದ್ದರಂತೆ. ಮಗಳ ಸಹಿಯ ವಾರವಲ್ಲವೇ, ಒಳಗೆಲ್ಲೋ ಅವರಿಗೂ ಅಳುಕು ಹುಟ್ಟಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, ಪೆನ್ಸಿಲ್ ಕೆಳಗಿಟ್ಟು, ಹಾಳೆಯ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ನಲವತ್ತಾರು ಕೆಂಪು ಗೆರೆಗಳು.

"ಚೆನ್ನಾಗಿರೋರು ಎತ್ತುತಾರೆ. ಅರ್ಧ ಗಂಟೆ ಮಾತಾಡ್ತಾರೆ. ಹೆಸರು ಬರುತ್ತಾ ಅಂತಾನೂ ಕೇಳ್ತಾರೆ" ಅಂದರು. ಆಮೇಲೆ, "ಮುಳುಗಿದೋರು ಎತ್ತಲ್ಲ. ನಾನು ಅವರನ್ನ ಹೊಡೆದು ಹಾಕಿದೆ. ಐದು ವರ್ಷ" ಅಂದರು. ಆ ಮನುಷ್ಯನ ಮುಖ ಹಾಗೆ ಬಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೆ ಭಯವಾಯಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಮ್ಮವರು ಪ್ರಮಾಣಿಸಿಯೇ ಮೋಸಹೋಗಿದ್ದರು.

ಮಂಗಳವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೌಂಟರಿನ ಕಿಟಕಿ ಮುಚ್ಚಿ ಮೂವರೂ ಒಳಗೆ ಕೂತೆವು. ಅಲ್ಲಿ ಒಂದು ಫ್ಯಾನು, ಎರಡು ಸ್ಟೂಲು, ರಸೀದಿ ಪುಸ್ತಕಗಳ ಕಟ್ಟು. ಹುಡುಗಿ ತನ್ನ ಫೋನಿಂದ ತನ್ನ ಗೆಳೆಯರಿಗೆ ಕರೆ ಮಾಡಿದಳು. ಪತ್ರಿಕೆಯ ಪಟ್ಟಿಯವರು ಪಕ್ಕದಲ್ಲಿದ್ದಾರೆ, ಹೆಸರು ಹಾಕುವುದಿಲ್ಲ, ಹೇಳುತ್ತೀಯಾ ಅಂತ ಕೇಳಿದಳು. ಅವಳ ನಂಬರು ಗೊತ್ತಿದ್ದವರು ಎತ್ತಿದರು. ಅವಳೂ ಸೇರಿ ಎರಡು ದಿನದಲ್ಲಿ ಹನ್ನೊಂದು ಜನ. ಒಬ್ಬ ಔಷಧಿ ಅಂಗಡಿಯಲ್ಲಿ ಡಬ್ಬ ಜೋಡಿಸುತ್ತಿದ್ದ. ಒಬ್ಬಳು ಮನೆಯಲ್ಲಿ ಕೂತು ಯಾವುದೋ ಕಂಪನಿಗೆ ಸೋಪಿನ ಹೊಗಳಿಕೆ ಬರೆಯುತ್ತಿದ್ದಳು, ಒಂದು ಪುಟಕ್ಕೆ ಇಷ್ಟು ಅಂತ. ಇನ್ನೊಬ್ಬ ಚಾನೆಲ್ಲಿನಲ್ಲೇ ಇದ್ದ, ಆದರೆ ಒಂಬತ್ತು ತಿಂಗಳಿಂದ ಸಂಬಳ ಬಂದಿರಲಿಲ್ಲ. "ಐಡಿ ಕಾರ್ಡ್ ಇದೆ ಸಾರ್, ಅದನ್ನೇ ಊಟಕ್ಕೆ ಬಡಿಸ್ಕೋಬೇಕು" ಅಂದ. ಒಬ್ಬಳ ಫೋನನ್ನು ಅವಳ ತಾಯಿ ಎತ್ತಿದರು. ಮಗಳು ಎಲ್ಲಿದ್ದಾಳೆ ಅಂತ ಕೇಳಿದ್ದಕ್ಕೆ, "ನೀವೇ ಹೇಳಿ, ನಿಮಗೇನಾದ್ರೂ ಗೊತ್ತಾ? ಮನೆ ಹತ್ರ ವಸೂಲಿಯವರು ಬಂದು ಕೂತ ಮೇಲೆ ಹೋದೋಳು" ಅಂದರು. ಆಮೇಲೆ ಅವರೇ ಫೋನ್ ಇಟ್ಟರು. ಆ ಹೆಸರನ್ನು ಪಟ್ಟಿಯವರು ಹನ್ನೊಂದರಲ್ಲಿ ಸೇರಿಸಲಿಲ್ಲ, ಗೆರೆಯನ್ನೂ ಎಳೆಯಲಿಲ್ಲ. ಹನ್ನೊಂದು ಜನರ ಸರಾಸರಿ ಸಂಬಳ ಹನ್ನೊಂದು ಸಾವಿರ. ಸಾಲ ಏಳು ಲಕ್ಷ. ಅವರನ್ನು ಸೇರಿಸಿ ಲೆಕ್ಕ ಹಾಕಿದರೆ ಗುಡ್ಡದ ಕಾಲೇಜು ಒಂದರಿಂದ ಎಂಟಕ್ಕೆ ಇಳಿಯಿತು. ಇನ್ನೂ ಮೂವತ್ತೈದು ಜನ ಸಿಕ್ಕಿಯೇ ಇರಲಿಲ್ಲ. ಅವರೂ ಹೀಗೇ ಇದ್ದರೆ ಹದಿನಾಲ್ಕಕ್ಕೆ.

ಬುಧವಾರ ಸಂಜೆ ಪಟ್ಟಿಯವರು ತಮ್ಮ ಮನೆಗೆ ನನ್ನನ್ನೂ ಕರೆದುಕೊಂಡು ಹೋದರು, ಒಬ್ಬರೇ ಹೇಳಲು ಧೈರ್ಯ ಸಾಲಲಿಲ್ಲ. ಮಗಳು ನೆಲದ ಮೇಲೆ ಕಡತ ಹರಡಿಕೊಂಡು ಕಾಗದಗಳನ್ನು ಜೋಡಿಸುತ್ತಿದ್ದಳು. ಅಪ್ಪ ಹೇಳಿದ್ದನ್ನು ಮಧ್ಯೆ ಬಾಯಿ ಹಾಕದೆ ಕೇಳಿದಳು.

"ಒಬ್ಬರ ಕಥೆ ಅಂಕಿ ಆಗಲ್ಲ ಅಂತ ನೀವೇ ಹೇಳ್ತಿದ್ರಲ್ಲಪ್ಪ" ಅಂದಳು.

"ಒಬ್ಬರಲ್ಲಮ್ಮ, ಹನ್ನೊಂದು ಜನ."

"ಎಲ್ಲರೂ ಒಬ್ಬಳ ಫ್ರೆಂಡ್ಸ್. ಕಷ್ಟದಲ್ಲಿರೋರಿಗೆ ಕಷ್ಟದಲ್ಲಿರೋರೇ ಫ್ರೆಂಡ್ಸ್ ಇರ್ತಾರೆ. ಅದು ಸರಿಯಾದ ಲೆಕ್ಕನಾ?" ಅಂದಳು. ನಾನು ಮನಸ್ಸಿನಲ್ಲೇ ಭಲೇ ಅಂದೆ, ಅದೇ ಹೊತ್ತಿಗೆ ಅವಳ ಬಾಯಿ ಮುಚ್ಚಿಸಬೇಕು ಅನ್ನಿಸಿತು.

ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಊರವರ ಮಕ್ಕಳನ್ನೆಲ್ಲ ಐದು ವರ್ಷ ಅಲ್ಲಿಗೆ ಕಳಿಸಿದ್ರಿ. ನಮ್ಮ ಮಗಳ ಸರದಿ ಬಂದಾಗ ಪಟ್ಟಿ ತಪ್ಪಾಗಿಬಿಡ್ತಾ? ಮನೆಪತ್ರ ಇಡೋಕೆ ಭಯ ಅಂತ ನೇರವಾಗಿ ಹೇಳಿ" ಅಂದರು. ಆಕೆ ಕೆಟ್ಟವರಲ್ಲ. ಮಗಳ ಮುಖ ನೋಡಿ ಹಾಗಂದರು.

ಮಗಳು ಎದ್ದು ಬಂದು ಅಪ್ಪನ ಪಕ್ಕ ಕೂತಳು. "ಅಪ್ಪಾ, ನೀವು ತಪ್ಪು ಅಂದ್ರೆ ತಪ್ಪು. ಶುಕ್ರವಾರದ ಪೇಪರಲ್ಲಿ ಹಾಕಿ, ನಮ್ಮ ಪಟ್ಟಿ ತಪ್ಪಾಗಿತ್ತು ಅಂತ. ನಾನು ಸರ್ಕಾರಿ ಕಾಲೇಜಿಗೆ ಹೋಗ್ತೀನಿ, ಒಂದು ಮಾತೂ ಆಡಲ್ಲ. ಹಾಕೋಕೆ ಆಗದಷ್ಟು ಸಣ್ಣ ತಪ್ಪಾದ್ರೆ ನನ್ನೊಬ್ಬಳಿಗೆ ಯಾಕೆ ಹೇಳ್ತೀರಾ?"

ಅಪ್ಪನಿಂದಲೇ ಕಲಿತ ಹಟ ಅದು. ಅವರು ಹೂಂ ಅಂದರು.

ಗುರುವಾರ ಬೆಳಿಗ್ಗೆ ಸಂಪಾದಕರ ಕೋಣೆಗೆ ಇಬ್ಬರೂ ಹೋದೆವು. ಹೊಸ ಲೆಕ್ಕದ ಹಾಳೆಯನ್ನು ಅವರು ಎರಡು ಸಲ ಓದಿದರು. ಸಂಪಾದಕರು ದಡ್ಡರಲ್ಲ, ಓದುವಾಗಲೇ ಅವರ ಹುಬ್ಬು ಗಂಟಿಕ್ಕಿತ್ತು. ಮೊದಲು ಹಾಳೆಯನ್ನು ಮಡಚಿದರು, ಆಮೇಲೆ ಮಾತಾಡಿದರು.

"ಇದು ಸರಿ ಅಂತಲೇ ಇಟ್ಕೊಳ್ಳಿ. ಈ ವರ್ಷದ್ದು ತಪ್ಪು ಅಂತ ಹಾಕಿದ್ರೆ ಹಿಂದಿನ ನಾಲ್ಕು ವರ್ಷದ್ದು? ಅದನ್ನ ನೋಡಿ ಸೇರಿದೋರು ಈಗ ಅಲ್ಲೇ ಓದ್ತಿದ್ದಾರೆ. ಅವರ ಅಪ್ಪ ಅಮ್ಮ ನಾಳೆ ಗೇಟಿನ ಮುಂದೆ ಬಂದು ನಿಂತ್ರೆ ನೀವು ಕೆಳಗೆ ಹೋಗಿ ಮಾತಾಡ್ತೀರಾ?"

ಸಂಪಾದಕರು ಮಡಚಿದ ಹಾಳೆಯನ್ನು ಪಟ್ಟಿಯವರ ಕೈಗೆ ವಾಪಸ್ಸು ಕೊಟ್ಟರು.

"ಮುಂದಿನ ವರ್ಷ ಸದ್ದಿಲ್ಲದೆ ವಿಧಾನ ಬದಲಾಯಿಸೋಣ. ಗುಡ್ಡದವರದು ಮುಖಪುಟದ ಜಾಹೀರಾತು ವರ್ಷಕ್ಕೆ ನಾಲ್ಕು, ಅದನ್ನ ನಾನು ಹೇಳೋದೇ ಬೇಡ. ನಿಮ್ಮ ಸಂಬಳದಲ್ಲೂ ಅದಿದೆ" ಅಂದರು. ಕೊನೆಗೆ ಸ್ವಲ್ಪ ಮೆತ್ತಗೆ, "ಮಗಳಿಗೆ ಬುದ್ಧಿ ಹೇಳಿ ಸಾರ್. ಅದಕ್ಕೆ ಪೇಪರ್ ಯಾಕೆ ಬೇಕು?" ಅಂದರು.

ಹೊರಗೆ ಬಂದ ಮೇಲೆ ಪಟ್ಟಿಯವರು ನನ್ನ ಮುಖ ನೋಡಿದರು. ಏನು ಕೇಳುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಆರನೇ ಪುಟದ ಕೆಳಗೆ ದಿನವೂ ಎರಡು ಸಾಲಿನ ಜಾಗ ಖಾಲಿ ಉಳಿಯುತ್ತದೆ. ಪುಟ ಕಟ್ಟುವವನು ನಾನು. ನಾನು ಕಳಿಸಿದ್ದು ಅಚ್ಚಾಗುತ್ತದೆ, ಬೆಳಿಗ್ಗೆಯವರೆಗೆ ಯಾರೂ ನೋಡುವುದಿಲ್ಲ. ಎರಡು ಸಾಲು ಸಾಕಿತ್ತು. ಅವತ್ತು ಮಧ್ಯಾಹ್ನ ಆ ಜಾಗದಲ್ಲಿ ಕರ್ಸರು ಮಿಟುಕುವುದನ್ನು ನೋಡುತ್ತ ಕೂತಿದ್ದೆ. ನನಗೂ ಮನೆ ಇದೆ, ಬಾಡಿಗೆ ಇದೆ, ಈ ವಯಸ್ಸಿನಲ್ಲಿ ಇನ್ನೊಂದು ಕಡೆ ಯಾರು ಕೆಲಸ ಕೊಡುತ್ತಾರೆ. ಆ ಜಾಗದಲ್ಲಿ ನೀರು ಮಿತವಾಗಿ ಬಳಸಿ ಎಂಬ ಸಾಲನ್ನು ಹಾಕಿ ಪುಟ ಕಳಿಸಿದೆ. ಬೇರೆಯವರನ್ನು ಹೇಡಿ ಅನ್ನುವ ಅಧಿಕಾರ ನನಗೆ ಅವತ್ತಿಗೆ ಮುಗಿಯಿತು.

ಶುಕ್ರವಾರ ಬೆಳಿಗ್ಗೆ ಮಗಳು ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದಳಂತೆ. ಮಡಚಿಟ್ಟು, ತಲೆ ಬಾಚಿಕೊಂಡು, "ಹೊರಡೋಣ್ವಾ ಅಪ್ಪ" ಅಂದಳಂತೆ.

ಬ್ಯಾಂಕಿನಲ್ಲಿ ಸಾಲ ವಿಭಾಗದ ಅಧಿಕಾರಿ ಹಸನ್ಮುಖಿ. ನಾವು ಮೂವರೂ ಅವರೆದುರು ಕೂತೆವು. ಅಧಿಕಾರಿ ಒಂದೊಂದೇ ಕಾಗದವನ್ನು ಪಟ್ಟಿಯವರ ಮುಂದೆ ಸರಿಸುತ್ತಿದ್ದರು, ಅವರು ಬೆರಳು ತೋರಿಸಿದ ಕಡೆ ಇವರು ಸಹಿ ಹಾಕುತ್ತಿದ್ದರು. ಮನೆಪತ್ರ, ಸಂಬಳದ ಚೀಟಿ. ಮೂರನೆಯದು ಪತ್ರಿಕೆಯ ಕತ್ತರಿಕೆಯ ನಕಲು. ಕಾಲೇಜಿನ ಮಟ್ಟಕ್ಕೆ ಏನಾದರೂ ಆಧಾರ ಲಗತ್ತಿಸಬೇಕು ಅನ್ನುವ ನಿಯಮವಿದೆಯಂತೆ. ಕೆಳಗೆ 'ನಿಜಪ್ರತಿ' ಅಂತ ಬರೆದು ಸಹಿ ಹಾಕಬೇಕಿತ್ತು. ಪಟ್ಟಿಯವರು ಪೆನ್ನು ಹಿಡಿದು ಆ ಹದಿನಾಲ್ಕು ಸಾಲುಗಳನ್ನು ನೋಡುತ್ತ ಕೂತರು.

"ಇದನ್ನ ಮಾಡಿದ್ದು ನಮ್ಮಪ್ಪನೇ ಸಾರ್" ಅಂದಳು ಮಗಳು.

ಅಧಿಕಾರಿ ಕುರ್ಚಿಯಿಂದ ಎದ್ದು ನಿಂತು ಕೈ ಚಾಚಿದರು. "ನೀವೇನಾ ಸಾರ್? ಐದು ವರ್ಷದಿಂದ ನಮಗೆ ಇದೇ ಆಧಾರ. ಮೇಲಿನ ಮೂರು ಕಾಲೇಜಾದ್ರೆ ನಾವು ಜಾಸ್ತಿ ಪ್ರಶ್ನೆ ಕೇಳೋದೇ ಇಲ್ಲ, ಮಂಜೂರು. ಗುಡ್ಡದ ಕಾಲೇಜಿಗೆ ನಮ್ಮ ಶಾಖೆಯಿಂದಲೇ ಈ ವರ್ಷ ಮೂವತ್ತು ಸಾಲ ಹೋಗಿದೆ."

ಪಟ್ಟಿಯವರು ಕೇಳಿದರು, "ತೀರಿಸ್ತಿದ್ದಾರಾ?"

"ಅದು ನಮಗೆ ಇಲ್ಲಿ ಗೊತ್ತಾಗಲ್ಲ ಸಾರ್. ಮೂರು ಕಂತು ತಪ್ಪಿದ್ರೆ ಫೈಲು ಏಜೆನ್ಸಿಗೆ ಹೋಗುತ್ತೆ. ಆಮೇಲೆ ಅವರು ಫೋನ್ ಮಾಡ್ಕೋತಾರೆ."

ಪಟ್ಟಿಯವರು ಮಗಳ ಕಡೆ ತಿರುಗಿದರು. ಅವಳು ಹೆಮ್ಮೆಯಿಂದ ಅಪ್ಪನನ್ನೇ ನೋಡುತ್ತಿದ್ದಳು. ಈಗಲಾದರೂ ಎದ್ದು ಬಿಡಲಿ, ಕಾಗದ ಹರಿದು ಹಾಕಲಿ ಅಂತ ನಾನು ಕಾದೆ. ಅವರು ಪಟ್ಟಿಯ ಕೆಳಗೆ ನಿಜಪ್ರತಿ ಅಂತ ಬರೆದರು. ಸಹಿ ಹಾಕಿದರು. ಅಧಿಕಾರಿ ಆ ಹಾಳೆಯನ್ನು ನನ್ನ ಕಡೆ ಸರಿಸಿದರು, ಅದರ ಕೆಳಗೆ ಸಾಕ್ಷಿ ಅಂತ ನಾನೂ ಸಹಿ ಹಾಕಿದೆ.

"ಇನ್ನೊಂದೇ ಬಾಕಿ. ನಿನ್ನ ಮೊಬೈಲ್ ನಂಬರು ಬರಿಯಮ್ಮ, ಮುಂದೆ ಎಲ್ಲ ಸಂಪರ್ಕಕ್ಕೂ ಅದೇ" ಅಂದರು ಅಧಿಕಾರಿ. ಮಗಳು ಒಂದೊಂದೇ ಅಂಕಿಯನ್ನು ಚೌಕದೊಳಗೆ ಗುಂಡಗೆ ಬರೆದಳು. ಸರಿಯಿದೆಯೋ ನೋಡೋಣ ಅಂತ ಅಧಿಕಾರಿ ಮೇಜಿನ ಮೇಲಿನ ಫೋನಿಂದ ಆ ನಂಬರು ಒತ್ತಿದರು. ಅವಳ ಕೈಯಲ್ಲಿದ್ದ ಫೋನ್ ಗುರ್ ಅಂದಿತು. ಯಾವ ನಂಬರು ಅಂತಲೂ ನೋಡದೆ ಮೊದಲನೇ ರಿಂಗಿಗೇ ಎತ್ತಿ, ನಗುತ್ತ, "ಹಲೋ, ಹೇಳಿ ಸಾರ್" ಅಂದಳು. ಅಧಿಕಾರಿ ನಂಬರಿನ ಪಕ್ಕ ಸರಿ ಗುರುತು ಹಾಕಿ ಕಡತ ಮುಚ್ಚಿದರು.